ಪಕ್ಕದವನ ಹಾಳೆ

“ಕದ್ದು ಹಾಲು ಕುಡಿಯೋ ಬೆಕ್ಕಾದ್ರೂ ನಾಚಿಕೆಗೆ ಕಣ್ಣು ಮುಚ್ಚುತ್ತೆ. ನಿನಗೆ ಅಷ್ಟೂ ಇಲ್ವಲ್ಲೋ!”

ಪರೀಕ್ಷಾ ಮಂಡಳಿಯ ಅಧ್ಯಕ್ಷ ಇದನ್ನು ಗಿಡುಗನ ಕಿವಿಯಲ್ಲಿ ಹೇಳಲಿಲ್ಲ. ಮೈಕಿನಲ್ಲಿ ಹೇಳಿದ. ಸರ್ಟಿಫಿಕೇಟಿಗೆ ಕಾಯುತ್ತಿದ್ದ ಕ್ರೇನ್ ಚಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿನ್ನೆಯವರೆಗೆ ಅವನ ಬುತ್ತಿಗೆ ಕೈ ಹಾಕಿ ತಿಂದವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಗಿಡುಗ ಎಂಬುದು ಕೆಲಸದ ಜಾಗದಲ್ಲಿ ಅವನಿಗೆ ಅಂಟಿದ ಹೆಸರು. ಮೇಲೆ ಕ್ಯಾಬಿನ್ನಿನಲ್ಲಿ ಕೂತು ಅವನು ಕಬ್ಬಿಣದ ತೊಲೆ ಇಳಿಸಿದರೆ ನೆಲಕ್ಕೂ ಗೊತ್ತಾಗುತ್ತಿರಲಿಲ್ಲ. ಶಾಲೆ ಅರ್ಧಕ್ಕೇ ಬಿಟ್ಟಿದ್ದ. ಕ್ರೇನಿಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. ಈಗ ಹೊಸ ಕಾನೂನು ಬಂದಿತ್ತು. ಸರ್ಟಿಫಿಕೇಟ್ ಇಲ್ಲದವನು ಏಣಿ ಮುಟ್ಟುವಂತಿಲ್ಲ. ಕೆಳಗೆ ನಿಂತು ಕೊಕ್ಕೆಗೆ ಸರಪಳಿ ಸಿಕ್ಕಿಸಿ, ಮೇಲೆ ಕೂತ ಯಾವನಿಗೋ ಕೈ ಬೀಸಬೇಕು. ಅದೊಂದು ಮಾತ್ರ ಅವನಿಂದ ಆಗದ ಕೆಲಸ.

“ನಾನೇ ಕಣ್ಣಾರೆ ಕಂಡೆ ಸಾರ್,” ಎಂದ ಪರೀಕ್ಷಾ ಕೊಠಡಿಯ ಮೇಲ್ವಿಚಾರಕ. “ಮುಖ ಎಡಕ್ಕೆ ತಿರುಗಿಸ್ಕೊಂಡೇ ಕೂತಿದ್ದ. ಕಣ್ಣು ಪಕ್ಕದವನ ಹಾಳೆ ಮೇಲೆ. ನಾನು ಅಲ್ಲೇ ಎಡಗಡೆ ಹೋಗಿ ನಿಂತೆ. ಕೆಮ್ಮಿದೆ. ಕಣ್ಣು ಅಲ್ಲಾಡಿಸಲಿಲ್ಲ! ಎಂಥಾ ಭಂಡ ನೋಡಿ!”

“ಕೆಮ್ಮಿದ್ದು ಕೇಳಿಸ್ತೇನೋ?” ಅಧ್ಯಕ್ಷ ಕೇಳಿದ.

“ಕೇಳಿಸ್ತು. ಪಾಪ, ಶೀತ ಆಗಿದೆ ಅನ್ಕೊಂಡೆ.”

ಮತ್ತೆ ನಗು. ಅಧ್ಯಕ್ಷನ ಮುಖ ಕೆಂಪಾಯಿತು. “ಮೇಲ್ವಿಚಾರಕರು ನೋಡಿದ್ರು ಅಂದ್ಮೇಲೆ ಮುಗೀತು.”

“ಮುಗಿಯೋದಕ್ಕೆ ಮೊದಲು ಶುರುವಾದ್ರೂ ಆಗ್ಲಿ ಸಾರ್,” ಎಂದರು ಮಂಡಳಿಯ ಮೇಡಂ. ವೇದಿಕೆಯ ಮೇಲೆ ನಗದೆ ಕೂತಿದ್ದವರು ಅವರೊಬ್ಬರೇ. “ಆ ಪಕ್ಕದವರು ಯಾರು?”

ಹಿಂದಿನ ಬೆಂಚಿನಿಂದ ಗಿಡುಗನ ಭಾವ ಎದ್ದ. ಅಕ್ಕನ ಗಂಡ. ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಮುಂದೆ ಬಂದು ನಿಂತ. “ಓಹೋ, ಮನೆ ಮಂದಿ ಎಲ್ಲಾ ಸೇರ್ಕೊಂಡಿದೀರಿ,” ಎಂದು ಅಧ್ಯಕ್ಷ ಕೈ ಉಜ್ಜಿಕೊಂಡ.

ಮೇಡಂ ಇಬ್ಬರ ಉತ್ತರ ಪತ್ರಿಕೆಗಳನ್ನೂ ತರಿಸಿ ಅಕ್ಕಪಕ್ಕ ಇಟ್ಟುಕೊಂಡರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು. ಗಿಡುಗನದು ಬಹುತೇಕ ಸರಿ. ಭಾವನದು ಬಹುತೇಕ ತಪ್ಪು.

“ಇವರದ್ದು ನೋಡಿ ಬರೆದಿದ್ರೆ ಅವರೂ ಮುಳುಗಿ ಹೋಗ್ತಿದ್ರು ಸಾರ್.”

“ಅದೇ ಕಳ್ಳಬುದ್ಧಿ! ತಪ್ಪು ಯಾವುದು ಅಂತ ಅಲ್ಲಿ ನೋಡ್ಕೊಂಡು ಇಲ್ಲಿ ಸರಿ ಬರೆದಿದಾನೆ.”

ಮೇಡಂ ಕ್ಷಣ ಕಾಲ ಅಧ್ಯಕ್ಷನನ್ನೇ ನೋಡಿದರು. ದೊಡ್ಡವರ ಎದುರು ಬಾಯಿ ಮುಚ್ಚಿಕೊಳ್ಳುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆ.

“ಇದು ಪಾವಿತ್ರ್ಯ ಇರೋ ಪರೀಕ್ಷೆ!” ಅಧ್ಯಕ್ಷ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. “ಡಾಕ್ಟರ್ ಪಾಸು ಮಾಡಿದ್ಮೇಲೇನೇ ನಾವು ಬರೆಯೋಕೆ ಬಿಡೋದು. ಕೈ, ಕಾಲು, ಕಿವಿ, ಕಣ್ಣು, ಎಲ್ಲಾ ಜೋಡಿ ಸರಿಯಾಗಿರ್ಬೇಕು. ಒಂದು ಕೆಟ್ಟಿದ್ರೂ ಈ ಜನ್ಮಕ್ಕೆ ಕ್ರೇನಿಲ್ಲ. ಈ ಕೈಲಿ ಕಣ್ಣು ಮುಚ್ಚಿ ಓದು, ಆ ಕೈಲಿ ಮುಚ್ಚಿ ಓದು ಅಂತ ಎಷ್ಟು ಕಟ್ಟುನಿಟ್ಟು! ಗೊತ್ತೇನೋ?”

“ಗೊತ್ತು ಸಾರ್. ಎರಡು ಕೈಲೂ ಮುಚ್ಚಿ ಓದಿದೀನಿ. ಡಾಕ್ಟರು ಫೋನಲ್ಲಿದ್ರು. ಆದ್ರೂ ಪಾಪ, ತಲೆ ಆಡಿಸಿದ್ರು.”

“ಬುದ್ಧಿ ಕೆಟ್ಟವನಿಗೆ ಮಾತ್ರ ನಮ್ಮಲ್ಲಿ ಕ್ಷಮೆ ಇದೆ. ನಕಲು ಹೊಡೆದವನು ಒಂದು ವರ್ಷ ಮನೇಲಿ ಬಿದ್ದಿದ್ದು, ಮತ್ತೆ ಬಂದು ಬರೀಬಹುದು.”

ಮೇಡಂ ಮುಂದಕ್ಕೆ ಬಾಗಿದರು. “ನೋಡಿ, ನೀವು ನಕಲು ಮಾಡಿಲ್ಲ ಅನ್ನೋದು ನನಗೆ ಕಾಣ್ತಿದೆ. ಆದ್ರೆ ಇವರ ಆರೋಪಕ್ಕೆ ಒಂದು ಉತ್ತರ ಬೇಕು. ಆ ಕಡೆ ಯಾಕೆ ನೋಡ್ತಿದ್ರಿ? ಏನಾದ್ರೂ ಒಂದು ಕಾರಣ ಹೇಳಿ. ಅದು ನಿಜ ಅಂತ ಆದ್ರೆ ಇಲ್ಲೇ, ಈಗಲೇ ನಿಮ್ಮ ಹೆಸರಿನ ಮೇಲಿನ ಕಳಂಕ ತೆಗೀತೀನಿ.”

ಗಿಡುಗನ ಬಳಿ ಕಾರಣ ಇತ್ತು. ಎಳೆಯ ಮಗುವಿಗೂ ಅರ್ಥವಾಗುವಂಥ ಕಾರಣ. ನಾಲಗೆಯ ತುದಿಗೆ ಬಂದು ಕುಣಿಯುತ್ತಿತ್ತು.

ಭಾವನಿಗೆ ತಡೆಯಲಾಗಲಿಲ್ಲ. “ಮೇಡಂ, ನಾನು ಹೇಳ್ತೀನಿ. ಅವನು ಆ ಕಡೆ...”

“ಭಾವ!” ಗಿಡುಗ ಅವನ ಕಾಲು ತುಳಿದ. “ಬಾಯಿ ಮುಚ್ಚು. ಅಕ್ಕನ ಮೇಲಾಣೆ.”

ಭಾವ ತಲೆ ತಗ್ಗಿಸಿದ. ಬೆಂಚುಗಳ ಮೇಲೆ ಗುಸುಗುಸು ಎದ್ದಿತು. ಕಳ್ಳ ಯಾರು ಎಂದು ಸಭೆಗೆ ಈಗ ಹೊಳೆದಿತ್ತು: ಭಾವ ಏನೋ ಚೀಟಿ ಗೀಟಿ ತಂದಿದ್ದಾನೆ, ಗಿಡುಗ ಅದನ್ನು ಕಂಡಿದ್ದಾನೆ. ಅಕ್ಕನ ಮನೆ ಉಳಿಯಲಿ ಎಂದು ತಾನು ತಲೆ ಕೊಡುತ್ತಿದ್ದಾನೆ. ನಕ್ಕವರಲ್ಲಿ ಇಬ್ಬರು ಮೂವರ ಕಣ್ಣು ಒದ್ದೆಯೂ ಆಯಿತು.

“ಯಾರನ್ನೋ ಉಳಿಸೋಕೆ ಹೊರಟಿದೀರಿ, ಅಲ್ವಾ?” ಮೇಡಂ ಮೆಲ್ಲಗೆ ಕೇಳಿದರು.

“ಹೌದು ಮೇಡಂ.”

“ಯಾರನ್ನ?”

“ಅದನ್ನ ಹೇಳಿದ್ರೆ ಉಳಿಯೋದಿಲ್ಲ.”

“ಬರ್ಕೊಳ್ಳಿ,” ಅಧ್ಯಕ್ಷ ಮೇಜು ಗುದ್ದಿದ. “ತಪ್ಪು ಒಪ್ಪಿಕೊಂಡ. ಒಂದು ವರ್ಷ ಹೊರಗೆ.”

ಗಿಡುಗ ಬೆನ್ನು ತಿರುಗಿಸಿದ. ಬಾಗಿಲ ಎಡ ಚೌಕಟ್ಟಿಗೆ ಭುಜ ಬಡಿಯಿತು. ತೂರಾಡುತ್ತಿದ್ದಾನೆ, ಪಾಪ, ಎಂದರು ಯಾರೋ. ಮೇಡಂ ಹಿಂದೆಯೇ ಬಾಗಿಲವರೆಗೆ ಬಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಾಗಿತ್ತು.

“ಅಷ್ಟಾದ್ರೂ ಹೇಳಿ ಹೋಗಿ! ಆ ಕಣ್ಣಿಗೆ ಅಲ್ಲಿ ಏನು ಕಾಣ್ತಿತ್ತು?”

ಗಿಡುಗ ಮೆಟ್ಟಿಲ ತಿರುವು ದಾಟಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಎಡಗಣ್ಣನ್ನು ಹೊರತೆಗೆದು, ಅಂಗಿಯ ತುದಿಗೆ ಚೆನ್ನಾಗಿ ಒರೆಸಿ, ಮತ್ತೆ ಅದರ ಗೂಡಿಗೆ ಕೂರಿಸಿಕೊಂಡು ನಡೆದುಬಿಟ್ಟ.