ಬಿಸಿ ವೈನಿನ ಮೊದಲ ಬಟ್ಟಲು

"ಅದನ್ನ ಒಲೆಯಿಂದ ಇಳಿಸಿ ಅತ್ತೆ," ಎಂದಳು ನೀವೆಸ್. ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು.

ಕಾಸಿಲ್ದಾ ಇಳಿಸಲಿಲ್ಲ. ಒಣಗಿದ ದ್ರಾಕ್ಷಿಬಳ್ಳಿಯ ಇನ್ನೊಂದು ಕಟ್ಟನ್ನು ಬೆಂಕಿಗೆ ತುರುಕಿ, ಕೆಂಪು ವೈನು ಕುದಿಯುತ್ತಿದ್ದ ಪಾತ್ರೆಗೆ ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ, ಒಂದು ಹಿಡಿ ಒಣ ಅಂಜೂರ ಹಾಕಿದಳು.

"ಕುದಿಸಿದ್ಮೇಲೆ ಅದೆಂಥ ವೈನು ಮಗಳೇ? ಬರೀ ಕಷಾಯ. ನೆಗಡಿ ಬಂದ್ರೆ ನಿನ್ನ ಗಂಡನಿಗೆ ತೊಟ್ಟಿಲಲ್ಲೇ ಕುಡಿಸಿದೀನಿ."

"ಅದಕ್ಕೇ ಅಣ್ಣ ಹಿಂಗಾಗಿದಾನೆ," ಎಂದು ಮೈದುನ ಬ್ಲಾಸ್ ನಕ್ಕ.

ನೀವೆಸ್‌ಳ ಗಂಡ ಫೆರ್ಮಿನ್ ನಗಲಿಲ್ಲ. ಕೆಂಡದ ಮೇಲಿದ್ದ ಕುರಿಮರಿಯ ಪಕ್ಕೆಲುಬುಗಳನ್ನು ಒಂದೊಂದಾಗಿ ಮಗುಚುತ್ತಿದ್ದ.

ಎಷ್ಟು ಕುದಿಸಿದರೂ ಅಮಲು ಪೂರ್ತಿ ಹೋಗುವುದಿಲ್ಲ. ಔಷಧದಂಗಡಿಯಲ್ಲಿ ಕೆಲಸ ಮಾಡುವ ನೀವೆಸ್‌ಗೆ ಅದು ಗೊತ್ತು. ಒಂದು ಗುಟುಕು ಸಾಕು. ಆಸ್ಪತ್ರೆಯ ಆ ವಾರಗಳು, ಬೆವರು, ಅರಚಾಟ, ಬಾಗಿಲ ಸಂದಿಯಿಂದ ಮಗಳು ನೋಡಿದ ಆ ನೋಟ, ಎಲ್ಲ ಮತ್ತೆ ಮೊದಲಿನಿಂದ. ಇನ್ನೊಮ್ಮೆ ಹಾಗಾದರೆ ಸಂಸಾರ ಉಳಿಯುವುದಿಲ್ಲ. ಇಲ್ಲಿಗೆ ಬರುವುದು ಬೇಡವೆಂದು ಅವಳು ದಾರಿಯುದ್ದಕ್ಕೂ ಹೇಳಿದ್ದಳು. "ಎಷ್ಟು ದಿನ ಅಂತ ತಪ್ಪಿಸ್ಕೊಳ್ಳೋದು?" ಎಂದಿದ್ದ ಫೆರ್ಮಿನ್.

ಇಂದು ಸಂತ ಮಾರ್ತಿನನ ಹಬ್ಬ. ಹಂದಿ ಕಡಿದಾಗಿತ್ತು. ನೆಲಮಾಳಿಗೆಯ ಪೀಪಾಯಿಯಿಂದ ಹೊಸ ವೈನು ಮೇಲೆ ಬಂದಿತ್ತು. ಕಾಯಿಲೆಯಿಂದ ಎದ್ದುಬಂದವನಿಗೂ ಅವನ ಹೆಂಡತಿಗೂ ಮೊದಲ ಬಟ್ಟಲು ಕೊಡುವುದು ಈ ಮನೆಯ ವಾಡಿಕೆ. ಬೇಡವೆಂದರೆ ಬಳ್ಳಿ ನೆಟ್ಟ ಹಿರಿಯರ ಗೋರಿಗೆ ಉಗಿದಂತೆ.

ಬಾಣಲೆಯಲ್ಲಿ ಅಕ್ಕಿ ತುಂಬಿದ ರಕ್ತದ ಸಾಸೇಜು ಬಿರಿಯಿತು. ಕೊಬ್ಬಿನ ವಾಸನೆಗೆ ದಾಲ್ಚಿನ್ನಿಯ ಆವಿ ಬೆರೆಯಿತು. ನೀವೆಸ್‌ಳ ಬಾಯಲ್ಲಿ ನೀರೂರಿತು. ಅವಸರದಿಂದ ಕುರಿಹಾಲಿನ ಚೀಸಿನ ತುಂಡೊಂದನ್ನು ಬಾಯಿಗಿಟ್ಟುಕೊಂಡಳು.

"ನಮ್ಮ ವಂಶದಲ್ಲಿ ವೈನು ತಡೀಲಾರದ ಗಂಡಸು ನೀನೊಬ್ನೇ ಕಣೋ," ಎಂದಳು ಕಾಸಿಲ್ದಾ ಮಗನಿಗೆ. "ನಿಮ್ಮಪ್ಪ ಇದ್ದಿದ್ರೆ ಮುಖ ಎಲ್ಲಿ ಬಚ್ಚಿಟ್ಕೋತಿದ್ರೋ?"

"ಪೀಪಾಯಿ ಒಳಗೆ," ಎಂದ ಬ್ಲಾಸ್.

"ಬೈಯಮ್ಮ. ಬೈದು ಮುಗಿಸು," ಎಂದ ಫೆರ್ಮಿನ್.

ಕಾಸಿಲ್ದಾ ಎರಡು ಮಣ್ಣಿನ ಬಟ್ಟಲು ತುಂಬಿ ದಂಪತಿಯ ಮುಂದಿಟ್ಟಳು. "ನೀನೂ ಕುಡಿ ಮಗಳೇ. ಇಂಥವನ ಜೊತೆ ಬಾಳಿದೀಯ, ಪುಣ್ಯಾತ್ಗಿತ್ತಿ."

"ಬೇಡ ಅತ್ತೆ. ಇಬ್ಬರಿಗೂ ಬೇಡ." ನೀವೆಸ್‌ಳ ಕಣ್ಣು ಬಟ್ಟಲಿನಿಂದ ಕದಲಲಿಲ್ಲ.

"ಹಬ್ಬದ ದಿನ ಈ ಮನೆ ವೈನು ಬೇಡ ಅಂತೀಯಾ?" ಕಾಸಿಲ್ದಾಳ ಹುಬ್ಬು ಗಂಟಾಯಿತು. ಮೇಜಿನ ಅಂಚು ಹಿಡಿದಿದ್ದ ನೀವೆಸ್‌ಳ ಬೆರಳು ಬೆಳ್ಳಗಾಗಿ, ಮೆಲ್ಲಗೆ ಸಡಿಲವಾಗತೊಡಗಿದವು.

ಫೆರ್ಮಿನ್ ತಟ್ಟನೆ ತನ್ನ ಬಟ್ಟಲೆತ್ತಿ ಗಟಗಟ ಕುಡಿದ. ಹೆಂಡತಿಯ ಮುಂದಿದ್ದುದನ್ನೂ ಎಳೆದುಕೊಂಡು, ತಳ ಕಾಣುವವರೆಗೆ ಕುಡಿದು, ಬಟ್ಟಲನ್ನು ಬೋರಲು ಹಾಕಿದ.

"ಅಯ್ಯೋ, ಮತ್ತೆ ಶುರು ಹಚ್ಕೊಂಡ!" ಕಾಸಿಲ್ದಾ ಎದೆ ಹಿಡಿದುಕೊಂಡು ಕುಸಿದು ಕೂತಳು. "ಹೆಂಡ್ತಿ ಪಾಲೂ ಬಿಡ್ಲಿಲ್ಲ, ನಾಚಿಕೆಗೆಟ್ಟವ್ನು! ಬ್ಲಾಸ್, ಎತ್ತೋ ಆ ಪಾತ್ರೆ!"

ಬ್ಲಾಸ್ ಈ ಸಲ ನಗಲಿಲ್ಲ. ಪಾತ್ರೆಯನ್ನು ಹೊರಗೊಯ್ದು ಮಣ್ಣಿಗೆ ಸುರಿದ.

ಫೆರ್ಮಿನ್ ತುಟಿ ಒರೆಸಿಕೊಂಡು, ಹೆಂಡತಿಯ ಕಿವಿಯ ಬಳಿ ಬಗ್ಗಿದ.

"ಬೈಗುಳ ನನಗಿರ್ಲಿ ಬಿಡು ನೀವೆಸ್. ಕುಡಿತ ಬಿಟ್ಟವಳು ನೀನು, ಇವತ್ತೂ ಮುಟ್ಲಿಲ್ಲ."