ಹೆಸರಿನ ಹೆಸರು

"ಅಕ್ಕಾ, ಪಾತಮ್ಮಂದು ಆಯ್ತು, ದುರುಗಕ್ಕಂದೂ ಆಯ್ತು. ಇನ್ನೂ ಊರಿಗೂರೇ ಬಾಕಿ ಐತೆ. ಒಬ್ಬೊಬ್ರಿಗೂ ಒಂದೊಂದು ಸಾಲು ಬರೀಬೇಕಾ?"

ಮೊಳಕಾಲ್ಮುರಿನಿಂದ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮುದುಕರ ಪಟ್ಟಿ ಮಾಡುತ್ತಿದ್ದ ಲೋಹಿತ ಹೀಗೆ ಕೇಳಿದ್ದೇ ತಡ, ಚಳ್ಳಕೆರೆಯ ಕಂಪ್ಯೂಟರ್ ಸೆಂಟರಿನಲ್ಲಿ ಕೂತಿದ್ದ ಶಾಂತಕುಮಾರಿ ತನ್ನ ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿದಳು. ಅವನು ಬರೆಯಬೇಕಿದ್ದದ್ದು ಪಟ್ಟಿಯಿಂದ ಹೆಸರು, ವಯಸ್ಸು, ಊರನ್ನು ಬೇರ್ಪಡಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್, ಎಂದರೆ ಕಂಪ್ಯೂಟರಿಗೆ ಕೊಡುವ ಹುಡುಕುವ ಸೂತ್ರ. ಒಂದೇ ಸಾಲು ಬರೆದರೆ ಇಡೀ ತಾಲ್ಲೂಕಿಗೆ ಸಾಕು. ಬೆಳಗಾದರೆ ಕಣ್ಣಿನ ಶಿಬಿರ. ಚೀಟಿ ಇಲ್ಲದ ಮುದುಕರನ್ನು ವ್ಯಾನಿಗೆ ಹತ್ತಿಸಿಕೊಳ್ಳುವುದಿಲ್ಲ. ಆ ಚೀಟಿ ಅಚ್ಚುಹಾಕಲು ಪಟ್ಟಿಯ ಫ್ಲಾಪಿಯೋ ಸಂಜೆಯ ಬಸ್ಸಿಗೇ ಹೊರಡಬೇಕು.

ತಾನೇ ಬರೆದುಕೊಟ್ಟಿದ್ದ ವಿವರಣೆಯ ಹಾಳೆಯನ್ನು ಅವಳು ಎಳೆದುಕೊಂಡಳು. 'ಕಂಸದೊಳಗೆ ಗುಂಪಿನ ಹೆಸರು ಬರೆಯಿರಿ' ಎಂದಿತ್ತು. ಗುಂಪೆಂದರೆ ಪ್ರತಿ ಸಾಲಿನಿಂದ ಎತ್ತಿದ ತುಣುಕು ಬಂದು ಬೀಳುವ ಖಾನೆ. ಕೆಳಗಿನ ಉದಾಹರಣೆಯಲ್ಲಿ ಆ ಗುಂಪಿಗೆ ಅವಳು ಇಟ್ಟಿದ್ದ ಹೆಸರೇ 'ಹೆಸರು'! ಅಲ್ಲಿ ಜನರ ಹೆಸರು ತುಂಬಬೇಕೆಂದು ಲೋಹಿತ ತಿಳಿದಿದ್ದ. ಯಾರಾದರೂ ಹಾಗೇ ತಿಳಿಯುತ್ತಿದ್ದರು. ಗಡಿಯಾರ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

"ಲೋಹಿತಾ, ನಿಮ್ಮನೇಲಿ ಕುರಿಮರಿ ಎಲ್ಲಿ ಕೂಡ್ತೀರಪ್ಪಾ?"

"ಮರಿ ರೊಪ್ಪದಾಗೆ. ಯಾಕಕ್ಕಾ?"

"ಇವತ್ತು ಕರಿ ಮರಿ ಹೋಯ್ತು, ನಾಳೆ ಬಿಳಿ ಮರಿ ಹೋಯ್ತು. ಆಗ ರೊಪ್ಪದ ಹೆಸರು ಬದಲಾಗ್ತೈತಾ?"

ಆ ಕಡೆ ಕೀಲಿಗಳ ಟಕಟಕ ತಟ್ಟನೆ ನಿಂತಿತು.

"ಅಯ್ಯಯ್ಯೋ ಅಕ್ಕಾ, ಬೆಳಗ್ಗಿಂದ ಒಂದೊಂದು ಮರಿಗೂ ಒಂದೊಂದು ರೊಪ್ಪ ಕಟ್ತಾ ಕುಂತಿದೀನಲ್ಲಾ!"