ಹದಿನೇಳನೆಯ ಸ್ಲೈಡ್

ಬಾಟಲಿಯೆತ್ತಿ ಒಂದು ಗುಟುಕು ಎಳೆದುಕೊಂಡ ಮರುಕ್ಷಣವೇ ಬೆಂಜಮಿನ್ ಮಾಸ್ಟ್ರಿಗೆ ಗೊತ್ತಾಯಿತು: ಇದು ಕ್ರಿಸ್ಮಸ್ಸಿಗೆಂದು ಮಾಡಿಟ್ಟ ದ್ರಾಕ್ಷಿ ವೈನ್ ಅಲ್ಲ, ರಬ್ಬರ್ ಹಾಲು ಗಟ್ಟಿ ಮಾಡುವ ಆಸಿಡ್. ಅರ್ಧ ಉಗುಳಿದರು. ಉಳಿದರ್ಧ ತನ್ನ ಪರಿಚಯ ಹೇಳಿಕೊಳ್ಳುತ್ತಾ ಗಂಟಲಿಳಿಯಿತು. ನೆಗಡಿಗೆ ಮದ್ದೆಂದು ಹೆಂಡತಿ ಸೆಲೀನ್‌ಳ ಕಣ್ಣು ತಪ್ಪಿಸಿ ಕುಡಿಯಲು ಹೊರಟದ್ದು. ಕಟ್ಟಿದ ಮೂಗಿಗೆ ವಾಸನೆಯೂ ಹತ್ತಿರಲಿಲ್ಲ.

ನಿವೃತ್ತ ವಿಜ್ಞಾನ ಮಾಸ್ಟ್ರು ಹಿರಿಯಡ್ಕದಿಂದ ಕಾಪುವಿನವರೆಗೆ ಮೂವತ್ತೆರಡು ಸಭೆಗಳಲ್ಲಿ 'ಮನೆಯೊಳಗಿನ ವಿಷ' ಎಂದು ಭಾಷಣ ಮಾಡಿದವರು. ಮೊದಲನೆಯ ಸ್ಲೈಡಿನಲ್ಲೇ ಇತ್ತು, ತಿನ್ನುವ ಕುಡಿಯುವ ವಸ್ತುಗಳ ಬಾಟಲಿಗೆ ವಿಷ ತುಂಬಬಾರದು. ಆ ನಿಯಮ ಸಾರ್ವಜನಿಕರಿಗೆ. ಮನೆಯಲ್ಲಿ ಆಸಿಡ್ ದೊಡ್ಡ ಕ್ಯಾನಿನಿಂದ ನೀರು ಬೆರೆಸಿಕೊಂಡು ಹಳೆಯ ವೈನ್ ಬಾಟಲಿಗೆ ಇಳಿದು, ಮುಚ್ಚಳದ ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆಸಿಕೊಂಡು, ವೈನಿನ ಪಕ್ಕದಲ್ಲೇ ಕುಳಿತಿತ್ತು. ಹಿಂದಿನ ದಿನ 'ಹೆಸರು ಬರೆಯುವ ಸರಿಯಾದ ಕ್ರಮ' ಎಂಬ ಹೊಸ ಸ್ಲೈಡಿಗಾಗಿ ಮುಚ್ಚಳಗಳನ್ನೆಲ್ಲ ತೆಗೆದು ಸಾಲಾಗಿ ಜೋಡಿಸಿ ಫೋಟೋ ಹೊಡೆದಿದ್ದರು. ತಿರುಗಿ ಹಾಕುವಾಗ ಫೋನಿನಲ್ಲಿ ಮುಂದಿನ ಭಾಷಣದ ತಾರೀಕು ನಿಶ್ಚಯವಾಗುತ್ತಿತ್ತು.

ಕೊನೆಯದು ಹದಿನೇಳನೆಯ ಸ್ಲೈಡ್: 'ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳಿ. ಉಪದೇಶ ಬೇಡ, ಕೇಳಿಸಿಕೊಳ್ಳಿ.' ಅಷ್ಟರಲ್ಲಿ ಸಭಾಂಗಣದ ಹಿಂದಿನಿಂದ ಚಾಕ್ಕೆಂದು ಕರಿಯುತ್ತಿದ್ದ ಅಂಬಡೆಯ ಪರಿಮಳ ಬಂದಿರುತ್ತಿತ್ತು. 'ಇದು ನಿಮಗೆಲ್ಲ ಗೊತ್ತಿರುವುದೇ' ಎಂದು ಮಾಸ್ಟ್ರು ಪ್ರೊಜೆಕ್ಟರ್ ಆರಿಸುತ್ತಿದ್ದರು.

ಈಗ ಅಡಿಗೆಮನೆಗೆ ಓಡಿ, ವಾಂತಿ ಮಾಡಿಕೊಳ್ಳಲು ನೀರಿಗೆ ಉಪ್ಪು ಸುರಿಯತೊಡಗಿದರು. ಸೆಲೀನ್ ಲೋಟ ಕಿತ್ತುಕೊಂಡಳು.

"ವಾಂತಿ ಮಾಡಬಾರದು, ಇಳಿಯುವಾಗ ಸುಟ್ಟದ್ದು ಹತ್ತುವಾಗಲೂ ಸುಡುತ್ತದೆ. ನೀವೇ ಹೇಳುವುದಲ್ವಾ? ಬಾಯಿ ತೊಳೆದು ಉಗುಳಿ. ಡಾಕ್ಟರಿಗೆ ತೋರಿಸಲು ಬಾಟಲಿ ನಾನು ಹಿಡಿದುಕೊಳ್ಳುತ್ತೇನೆ."

ರಿಕ್ಷಾ ಹತ್ತುವಾಗ ಮಾಸ್ಟ್ರಿಗೆ ಹೊಳೆಯಿತು, ಮೂವತ್ತೆರಡು ಸಭೆಗಳಲ್ಲಿ ಭಾಷಣ ಪೂರ್ತಿ ಕೇಳಿದ್ದು ಇವಳೊಬ್ಬಳೇ ಇರಬೇಕು.

ಮಣಿಪಾಲದ ಡಾಕ್ಟರು ಗಂಟಲೊಳಗೆ ನಳಿಗೆ ಇಳಿಸಿ ನೋಡಿ, ಹೆಚ್ಚೇನೂ ಆಗಿಲ್ಲ, ಆದರೆ ನಾಲ್ಕು ದಿನ ಮಾತಾಡಬಾರದು ಎಂದರು. ಸೆಲೀನ್ ಅದನ್ನು ಇನ್ನೊಮ್ಮೆ ಹೇಳಿಸಿದಳು.

ಮರುದಿನ ಬೆಳಿಗ್ಗೆ ವಾರ್ಡಿಗೆ ಚೈತಾಲಿ ಎಂಬ ಆಪ್ತಸಮಾಲೋಚಕಿ ಬಂದಳು. ಹೊಟ್ಟೆಗೆ ವಿಷ ಹೋದವರನ್ನೆಲ್ಲ ಕೇಳುವುದುಂಟು, ತಪ್ಪು ತಿಳಿಯಬಾರದು ಎಂದು ಮೊದಲೇ ಹೇಳಿದಳು.

"ಇತ್ತೀಚೆಗೆ ಬದುಕು ಸಾಕು ಅಂತ ಅನಿಸಿತ್ತಾ ಸರ್?"

ಮಾಸ್ಟ್ರು ಕಾಗದ ಎಳೆದುಕೊಂಡು 'ನಾನೇ ಈ ವಿಷಯದ ಉಪನ್ಯಾಸಕ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

"ಒಳ್ಳೆಯದು ಸರ್. ಅನಿಸಿತ್ತಾ?"

'ಇಲ್ಲ. ವೈನ್ ಕದಿಯಲು ಹೋಗಿದ್ದೆ' ಎಂದು ಬರೆದರು. ಈ ಸಲ ಅಕ್ಷರ ಸಣ್ಣದಿತ್ತು, ಗೆರೆಯಿರಲಿಲ್ಲ.

ಚೈತಾಲಿ ನಕ್ಕು ಸ್ಟೂಲಿನ ಕಡೆ ತಿರುಗಿದಳು. ಸೆಲೀನ್ ಮಡಿಲಿನಲ್ಲಿ ಖಾಲಿ ಫ್ಲಾಸ್ಕ್ ಹಿಡಿದು ಕುಳಿತಿದ್ದಳು.

"ಮನೆಯವರನ್ನೂ ಕೇಳುತ್ತೇವೆ ಆಂಟಿ. ನಿಮಗೆ ಯಾವತ್ತಾದರೂ ಹಾಗೆ ಅನಿಸಿದ್ದುಂಟಾ?"

ಹೆಂಡತಿಯ ಪರವಾಗಿ ಉತ್ತರಿಸಿ ಅಭ್ಯಾಸವಾದ ಮಾಸ್ಟ್ರ ಪೆನ್ನು ಆಗಲೇ 'ಇಲ್ಲ' ಎಂದು ಬರೆದಾಗಿತ್ತು.

"ಹೋದ ಮಳೆಗಾಲದಲ್ಲಿ," ಎಂದಳು ಸೆಲೀನ್. "ಅಕ್ಕ ತೀರಿಹೋದ ಮೇಲೆ. ಇವರಿಗೆ ಹೇಳುವ ಅಂತ ಚಾ ಮಾಡಿ ಕೂತಿದ್ದೆ. ಆ ದಿನ ಇವರಿಗೆ ಕಾಪುವಿನಲ್ಲಿ ಭಾಷಣ ಇತ್ತು."

"ಈಗ?"

"ಈಗಲೂ ಒಮ್ಮೊಮ್ಮೆ ಬರುತ್ತದೆ."

"ಹೇಳಿದ್ದು ಒಳ್ಳೆಯದಾಯಿತು ಆಂಟಿ. ನನಗೆ ಅವಸರ ಇಲ್ಲ," ಎಂದು ಚೈತಾಲಿ ಕೈಯಲ್ಲಿದ್ದ ಫಾರಮನ್ನು ಮಗುಚಿಟ್ಟಳು.

ಮಾಸ್ಟ್ರು ಬಾಯಿ ತೆರೆದರು. ಗಂಟಲು ಉರಿಯಿತು, ಸ್ವರ ಬರಲಿಲ್ಲ. 'ಇಲ್ಲ' ಎಂಬುದನ್ನು ಹೊಡೆದುಹಾಕಿ ಕಾಗದದ ಮಗ್ಗುಲು ತಿರುಗಿಸಿದರು. ಮೂವತ್ತೆರಡು ಭಾಷಣಗಳಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಕೊನೆಗೆ ಪೆನ್ನಿಗೆ ಮುಚ್ಚಳ ಹಾಕಿ, ಎರಡೂ ಕಾಲುಗಳನ್ನು ಮೆಲ್ಲನೆ ಮಡಚಿಕೊಂಡು, ಸೆಲೀನ್‌ಳ ಸ್ಟೂಲಿದ್ದ ಕಡೆ ಮಂಚದ ಅಂಚಿನಲ್ಲಿ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ ಬಿಟ್ಟರು.